ನಮ್ಮವರು ಕೂಸಿಗೆ ನೀರು ಹಾಕಿದ ಮಳೆಗಾಲ

ಮೊನ್ನೆ ಸಂಜೆ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಕೆಳಗಿನ ಮನೆಯಿಂದ ಲೋಬಾನದ ಹೊಗೆ ಹೊರಗೆ ಬಂತು. ಆ ಮನೆಯ ಗುಜರಾತಿ ಹುಡುಗಿ ಹೆರಿಗೆಯಾಗಿ ಆಸ್ಪತ್ರೆಯಿಂದ ಬಂದು ವಾರವಾಗಿರಬೇಕು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಯಾರೋ ಕೂಸಿಗೆ ನೀರು ಹಾಕಿ ಮುಗಿಸಿದ್ದರು. ಅತ್ತು ಸುಸ್ತಾದ ಕೂಸು ನಿದ್ದೆಗೆ ಜಾರುವ ಮುಂಚೆ ಬಿಡುವ ಸಣ್ಣ ಬಿಕ್ಕು ಕೇಳಿಸಿತು. ಚೀಲವನ್ನು ಮೆಟ್ಟಿಲ ಮೇಲಿಟ್ಟು, ಕಂಬಿ ಹಿಡಿದು ಅಲ್ಲೇ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಪಕ್ಕದ ಮನೆಯಾಕೆ ಮೊಣಕಾಲು ನೋವೇ ಎಂದು ಮರಾಠಿಯಲ್ಲಿ ಕೇಳಿದರು. ಹೌದು ಎಂದೆ. ಇನ್ನೇನು ಹೇಳುವುದು?

ನೆನಪಾದದ್ದು ನನ್ನ ಮೊಮ್ಮಗಳು ಆರೋಹಿ ಹುಟ್ಟಿದ ಮಳೆಗಾಲ. ಇದೇ ಬಿಲ್ಡಿಂಗು, ಎರಡನೆಯ ಮಹಡಿಯ ನಮ್ಮ ಇದೇ ಮನೆ. ಈಗ ಅವಳಿಗೆ ನಾಲ್ಕು ವರ್ಷ.

ನಾವು ಮೂಲತಃ ಧಾರವಾಡದವರು. ಮದುವೆಯಾಗಿ ನಾನು ಮುಂಬೈಯ ದಹಿಸರಿಗೆ ಬಂದಾಗ ಈ ಜಾಗದಲ್ಲಿ ಸಾಲುಮನೆಗಳ ಚಾಳ್ ಇತ್ತು. ಒಂದೂವರೆ ಕೋಣೆಯಲ್ಲಿ ಅತ್ತೆ, ಮಾವ, ಇಬ್ಬರು ಮೈದುನರು, ನಾವಿಬ್ಬರು. ನಮ್ಮವರು ವಿಲೆ ಪಾರ್ಲೆಯಲ್ಲಿ, ವಿಮಾನಕ್ಕೆ ಸರಕು ಹಾಕುವ ಒಂದು ಕಂಪನಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಬೆಳಗ್ಗೆ ಊಟದ ಡಬ್ಬಿ ಹಿಡಿದು ಲೋಕಲ್ ರೈಲು ಹತ್ತಿದರೆ ಮನೆ ಮುಟ್ಟುವಾಗ ದೀಪ ಹತ್ತಿರುತ್ತಿತ್ತು. ಮಾತು ಕಡಿಮೆ. ನಾಲ್ಕು ಜನರ ಎದುರು ನನ್ನ ಹತ್ತಿರ ಬಂದು ಕುಳಿತವರೇ ಅಲ್ಲ. ಸ್ಟೇಶನ್ನಿನ ಗದ್ದಲದಲ್ಲೂ ಅವರು ಮುಂದೆ, ನಾನು ಹಿಂದೆ. ಅವರ ಅಂಗಿಯ ಬೆನ್ನನ್ನೇ ಗುರುತಿಟ್ಟುಕೊಂಡು ಜನರ ನಡುವೆ ನಡೆಯುವುದು ನನಗೆ ರೂಢಿಯಾಗಿತ್ತು. ಇದು ದೂರಲ್ಲ. ನಮ್ಮ ಕಾಲದ ಎಷ್ಟೋ ಮನೆಗಳಲ್ಲಿ ಹಾಗೇ ಇತ್ತು.

ನನ್ನ ಕೈಗೆ ಒಂದು ಕೆಲಸ ಚೆನ್ನಾಗಿ ಬರುತ್ತಿತ್ತು. ಎಳೆಗೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವುದು. ನನ್ನ ಅವ್ವನಿಂದ ಕಲಿತದ್ದು. ಬಚ್ಚಲಿನಲ್ಲಿ ಕಾಲು ನೀಡಿ ಕುಳಿತು, ಕೂಸನ್ನು ಮೊಣಕಾಲ ಕೆಳಗೆ ಎರಡು ಕಾಲಿನ ನಡುವಿನ ಇಳಿಜಾರಿನಲ್ಲಿ ಮಲಗಿಸಿ, ಮೊದಲು ಅಂಗಾಲು, ಆಮೇಲೆ ತೊಡೆ, ಎದೆ, ಕೊನೆಗೆ ನೆತ್ತಿ. ತಲೆಗೆ ನೀರು ಹಾಕುವಾಗ ಬಲ ಅಂಗೈಯನ್ನು ಹಣೆಯ ಮೇಲೆ ಚಪ್ಪರದ ಹಾಗೆ ಹಿಡಿದರೆ ಕಣ್ಣಿಗೆ ಒಂದು ಹನಿಯೂ ಇಳಿಯುವುದಿಲ್ಲ. ದಹಿಸರಿನ ನಮ್ಮ ಕನ್ನಡದವರ ಮನೆಗಳಲ್ಲಿ ಬಾಣಂತನವಿದ್ದರೆ ನನಗೆ ಕರೆ ಬರುತ್ತಿತ್ತು. ನಾನು ನೀರು ಹಾಕಿದ ಹುಡುಗರು ಈಗ ಮೀಸೆ ಬಿಟ್ಟುಕೊಂಡು ಬೈಕಿನಲ್ಲಿ ತಿರುಗುತ್ತಾರೆ. ಆದ್ದರಿಂದ ಮಗಳು ಸ್ಮಿತಾ ಪವಾಯಿಯಿಂದ ಫೋನು ಮಾಡಿ ತಾನು ಬಸುರಿ ಎಂದಾಗ, ಖುಷಿಯ ಜೊತೆಗೆ ನನಗೆ ಮೊದಲು ನೆನಪಾದದ್ದು ನನ್ನ ಬಚ್ಚಲು. ಬಿಸಿನೀರಿಗೆ ಒಂದು ಹೊಸ ತಾಮ್ರದ ಹಂಡೆ ಬೇಕು ಅಂದುಕೊಂಡೆ.

ಅವಳಿಗೆ ಆರನೆಯ ತಿಂಗಳು ನಡೆಯುತ್ತಿದ್ದಾಗ ನನ್ನ ಬಲ ಅಂಗೈಯಲ್ಲಿ ಹೆಬ್ಬೆರಳಿನ ಬುಡಕ್ಕೆ ಸಣ್ಣ ಗುಳ್ಳೆಗಳು ಎದ್ದವು. ಸಾಬೂದಾಣಿ ಕಾಳಿನಂತೆ, ಒಳಗೆ ನೀರು. ಎಣ್ಣೆ ಸಿಡಿದಿರಬೇಕು ಎಂದುಕೊಂಡೆ. ಒಡೆದು ಒಣಗಿ ಚಕ್ಕೆ ಎದ್ದವು. ಚಕ್ಕೆ ಉದುರಿದ ಮೇಲೆ ಕೆಂಪು ಚರ್ಮ, ಅದರಲ್ಲಿ ಸೀಳು. ಸೀಳು ಮುಚ್ಚುವುದರೊಳಗೆ ಪಕ್ಕದಲ್ಲಿ ಹೊಸ ಗುಳ್ಳೆ. ತುರಿಕೆ ಎಂಥದೆಂದರೆ, ಪಾತ್ರೆಯ ಅಂಚಿಗೆ ಅಂಗೈಯನ್ನು ತಿಕ್ಕುತ್ತಾ ನಿಂತುಬಿಡುತ್ತಿದ್ದೆ. ಉಪ್ಪು ಮುಟ್ಟಿದರೆ ಉರಿ, ಹಿಟ್ಟು ನಾದಿದರೆ ರಕ್ತ.

ದಹಿಸರಿನ ನಮ್ಮ ಮನೆ ಡಾಕ್ಟರು ಮೊದಲು ಬೂಷ್ಟಿನ ಸೋಂಕು ಎಂದರು. ಅದರ ಔಷಧಿ ಹಚ್ಚಿದೆ, ಹೋಗಲಿಲ್ಲ. ಬೋರಿವಲಿಯ ಚರ್ಮದ ಡಾಕ್ಟರು ಪಾತ್ರೆ ತೊಳೆಯುವ ಸಾಬೂನು ಆಗಿಬರುತ್ತಿಲ್ಲ ಎಂದರು. ಸಾಬೂನು ಬಿಟ್ಟೆ, ಬೂದಿ ಹುಡುಕಿ ತರಿಸಿದೆ. ಹೋಗಲಿಲ್ಲ. ಬದನೆಕಾಯಿ, ಶೇಂಗಾ ಬಿಟ್ಟು ನೋಡಿದೆ. ಬೇವಿನ ಎಲೆ ಕುದಿಸಿದ ನೀರಿನಲ್ಲಿ ಕೈ ಅದ್ದಿ ಕುಳಿತೆ. ಪಾರ್ಲೆಯಲ್ಲಿ ಇನ್ನೊಬ್ಬರು ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಏನೂ ಸಿಗಲಿಲ್ಲ. ಮನಸ್ಸಿಗೆ ಚಿಂತೆಯೇನಾದರೂ ಇದೆಯೇ ಎಂದು ಕೇಳಿದರು. ಕೈ ಹೀಗಿರುವುದೇ ಚಿಂತೆ ಎಂದೆ. ಅವರು ನಕ್ಕರು, ಒಳ್ಳೆಯ ಮನುಷ್ಯ. ಕನ್ನಡಕ ತೆಗೆದಿಟ್ಟು ಹೇಳಿದರು:

"ಮಾಜೀ, ಸಚ್ ಬೋಲೂಂ ತೋ ಮುಝೇ ಸಮಝ್ ನಹೀ ಆ ರಹಾ."

ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ. ನನಗೆ ಅವರ ಮೇಲೆ ಗೌರವ ಬಂತು. ಮನೆಯಲ್ಲಿ ಬಾಣಂತನವಿದೆ, ಇದು ಕೂಸಿಗೆ ಹತ್ತುತ್ತದೆಯೇ ಎಂದು ಜೊತೆಗೆ ಬಂದಿದ್ದ ನಮ್ಮವರು ಕೇಳಿದರು. ಬಹುಶಃ ಇಲ್ಲ ಎಂದರು ಡಾಕ್ಟರು. ತಿರುಗಿ ಬರುವಾಗ ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ಮೇಲಿನ ಹಿಡಿಕೆ ಹಿಡಿದು ನಿಂತಿದ್ದೆ. ಪಕ್ಕದ ಹಿಡಿಕೆ ಹಿಡಿದಿದ್ದ ಹುಡುಗಿಯೊಬ್ಬಳು ನನ್ನ ಕೈ ನೋಡಿ ಮೆಲ್ಲಗೆ ಆಚೆ ಸರಿದಳು. ಆ 'ಬಹುಶಃ' ಎಂಬ ಮಾತನ್ನು ನಾನು ದಹಿಸರ್ ಬರುವವರೆಗೂ ತಲೆಯಲ್ಲಿ ತಿರುವಿ ಹಾಕಿದೆ. ದೊಡ್ಡವರ ಮಟ್ಟಿಗೆ ಅದು ಸಾಕಾಗುವ ಮಾತು. ಹಸಿಗೂಸಿನ ಮಟ್ಟಿಗೆ ಸಾಕಾಗದು.

ಮಳೆ ಹಿಡಿದ ವಾರವೇ ಆರೋಹಿ ಹುಟ್ಟಿದಳು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಾನು ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದೆ, ಎಡಗೈಯಲ್ಲಿ. ಅಳಿಯ ಕೆಳಗೆ ಟ್ಯಾಕ್ಸಿಯಿಂದ ಸಾಮಾನು ಇಳಿಸುತ್ತಿದ್ದರು. ಮೆಟ್ಟಿಲು ಹತ್ತಿ ದಣಿದ ಸ್ಮಿತಾ ಒಳಗೆ ಬಂದವಳೇ ಕೂಸನ್ನು ಯಾರ ಕೈಗಾದರೂ ಕೊಡಲು ಮುಂದೆ ಚಾಚಿದಳು. ನಾನೂ ಅವಳ ಅಪ್ಪನೂ ಅಕ್ಕಪಕ್ಕ ಇದ್ದೆವು. ಒಂದು ಕ್ಷಣ ಅವಳ ಕಣ್ಣು ನನ್ನ ಕೈಯ ಮೇಲೆ ಬಂತು. ಆಮೇಲೆ ಅವಳು ಅಪ್ಪನ ಕಡೆ ತಿರುಗಿದಳು. ಅಷ್ಟರಲ್ಲಿ ನಾನೇ ಒಂದು ಹೆಜ್ಜೆ ಹಿಂದೆ ಸರಿದಿದ್ದೆ. ಯಾರು ಮೊದಲು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಅಂದಿನಿಂದ ಮನೆಯಲ್ಲಿ ನನ್ನ ಟವೆಲು ಬೇರೆ, ಲೋಟ ಬೇರೆ. ಯಾರೂ ಹೇಳಿದ್ದಲ್ಲ, ನಾನೇ ಮಾಡಿಕೊಂಡದ್ದು. ಎಡಗೈ ಸರಿಯಾಗಿಯೇ ಇತ್ತು. ಆದರೆ ಎಡಗೈ ದಿನವಿಡೀ ಬಲಗೈಯನ್ನು ಮುಟ್ಟುತ್ತಲೇ ಇರುತ್ತದಲ್ಲ. ಹಾಗಾಗಿ ಯಾವ ಕೈಯಿಂದಲೂ ಕೂಸನ್ನು ಮುಟ್ಟಲಿಲ್ಲ. ತೊಟ್ಟಿಲ ಹಗ್ಗ ಮಾತ್ರ ಎಳೆಯುತ್ತಿದ್ದೆ, ಅದೂ ಹಳೆಯ ಸೀರೆಯ ತುಂಡು ಸುತ್ತಿಕೊಂಡು. ಹತ್ತಿರ ಕುಳಿತು ನೋಡುತ್ತಿದ್ದೆ. ಹಣೆ ನಮ್ಮ ಅತ್ತೆಯದು, ಅಗಲ. ತುಟಿ ಸ್ಮಿತಾಳದು. ಮುಷ್ಟಿ ಬಿಚ್ಚಿದಾಗ ಬೆರಳು ಉದ್ದುದ್ದ.

ನೀರು ಹಾಕಲು ಶೇವಂತಾಬಾಯಿಯನ್ನು ಗೊತ್ತು ಮಾಡಿದೆವು. ನಾಲಾಸೋಪಾರಾದಿಂದ ಲೋಕಲ್ಲಿನಲ್ಲಿ ಬಂದು ನಾಲ್ಕೈದು ಮನೆಯ ಬಾಣಂತಿಯರನ್ನು ನೋಡಿಕೊಳ್ಳುವ ಗಟ್ಟಿ ಹೆಂಗಸು. ಕೆಲಸ ಶುದ್ಧ, ಕೈ ಚುರುಕು. ನಾನು ಬಚ್ಚಲ ಬಾಗಿಲಲ್ಲಿ ನಿಂತು ಹಣೆ ತೀಡು, ಮೂಗು ತೀಡು, ನೆತ್ತಿಗೆ ಇನ್ನೊಂದಿಷ್ಟು ಎಣ್ಣೆ ಎನ್ನುತ್ತಿದ್ದೆ. ಎರಡು ದಿನ ಸಹಿಸಿಕೊಂಡಳು. ಮೂರನೆಯ ದಿನ, "ಆಜೀ, ತುಮ್ಹೀ ಬಾಹೇರ್ ಬಸಾ" ಎಂದಳು. ಹೊರಗೆ ಕುಳಿತುಕೊಳ್ಳಿ ಎಂದದ್ದು ಸಿಟ್ಟಿನಿಂದಲ್ಲ. ಬಾಗಿಲಲ್ಲಿ ಯಾರಾದರೂ ನಿಂತು ಹೀಗೆ ಅಂದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಹೊರಗೆ ಬಂದು ಅಡಿಗೆಮನೆಯಲ್ಲಿ ಕುಳಿತು ಬರೀ ನೀರಿನ ಸಪ್ಪಳ ಕೇಳಿದೆ. ಆ ಸಪ್ಪಳದಿಂದಲೇ ಈಗ ಬೆನ್ನು, ಈಗ ತಲೆ ಎಂದು ನನಗೆ ತಿಳಿಯುತ್ತಿತ್ತು. ಅಂಗೈ ನೆಟ್ಟಗೆ ಇಟ್ಟುಕೊಂಡಿದ್ದೆ, ತುರಿಸಲಿಲ್ಲ.

ಹಾಗೆ ಮೂರು ವಾರ ಕಳೆಯಿತು. ಒಂದು ಬೆಳಗ್ಗೆ ಮಳೆ ಯಾವ ಪರಿ ಸುರಿಯಿತೆಂದರೆ ಎದುರಿನ ಬಿಲ್ಡಿಂಗು ಕಾಣದಾಯಿತು. ಹಳಿಯ ಮೇಲೆ ನೀರು ನಿಂತು ಲೋಕಲ್ ಬಂದಾಯಿತು, ಬರಲಾಗುವುದಿಲ್ಲ ಎಂದು ಶೇವಂತಾಬಾಯಿ ಫೋನು ಮಾಡಿದಳು. ಕೂಸಿಗೆ ಹಿಂದಿನ ದಿನದಿಂದ ಹೊಟ್ಟೆ ಹಿಡಿದಿತ್ತು. ಅತ್ತೂ ಅತ್ತೂ ದನಿ ಒಡೆದಿತ್ತು. ಸ್ಮಿತಾಳಿಗೆ ಇನ್ನೂ ಬಗ್ಗಲು ಆಗುತ್ತಿರಲಿಲ್ಲ, ಹೊಟ್ಟೆಯ ಹೊಲಿಗೆ ನೋಯುತ್ತಿತ್ತು. ಬಿಸಿನೀರು ಬಿದ್ದರೆ ಕೂಸು ಮಲಗುತ್ತದೆ ಎಂದು ನನಗೆ ಗೊತ್ತಿತ್ತು. ಹಂಡೆಯಲ್ಲಿ ನೀರು ಕಾದಿತ್ತು. ಎಣ್ಣೆಯ ಬಟ್ಟಲು ಬೆಚ್ಚಗಿತ್ತು.

"ಅವ್ವಾ, ನೀನೇ ಹಾಕಿಬಿಡು," ಅಂದಳು ಸ್ಮಿತಾ. "ಹತ್ತಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರಲ್ಲಾ."

"ಬಹುಶಃ ಅಂದಾರ," ಎಂದೆ.

ಅವಳು ಮತ್ತೆ ಒತ್ತಾಯ ಮಾಡಲಿಲ್ಲ. ನಾನು ಅಂಗೈ ನೋಡಿಕೊಂಡೆ. ಅವತ್ತು ಹೆಬ್ಬೆರಳಿನ ಸೀಳಿನಿಂದ ನೀರು ಜಿನುಗುತ್ತಿತ್ತು. ನಾನು ನೀರು ಹಾಕಿದ ಯಾವ ಕೂಸೂ ನನ್ನ ಸ್ವಂತ ಮಗಳ ಕೂಸಾಗಿರಲಿಲ್ಲ. ಈಗ ಮಗಳ ಕೂಸೇ ನಮ್ಮ ಮನೆಯಲ್ಲೇ, ನನ್ನ ಕಣ್ಣೆದುರೇ ಹೀಗೆ ಅಳುತ್ತಿದೆ, ನಾನು ಗೋಡೆಗೆ ಒರಗಿ ನಿಂತಿದ್ದೇನೆ.

ನಮ್ಮವರು ಕಿಟಕಿಯ ಹತ್ತಿರ ಪೇಪರು ಹಿಡಿದು ಕುಳಿತಿದ್ದರು. ನಿವೃತ್ತರಾಗಿ ವರ್ಷವಾಗಿತ್ತಷ್ಟೆ, ದಿನ ಕಳೆಯುವುದು ಹೇಗೆಂದು ಅವರಿಗಿನ್ನೂ ತಿಳಿದಿರಲಿಲ್ಲ. ಪೇಪರು ಮಡಚಿಟ್ಟರು.

"ನಾ ಹಾಕ್ತೀನಿ. ಹೆಂಗ ಅಂತ ನೀ ಹೇಳು."

ಸ್ಮಿತಾ ಅಷ್ಟು ನೋವಿನಲ್ಲೂ ನಕ್ಕುಬಿಟ್ಟಳು. ಆಕೆ ಹುಟ್ಟಿದಾಗ ಈ ಮನುಷ್ಯ ಅವಳನ್ನು ಎತ್ತಿಕೊಳ್ಳಲು ಮೂರು ತಿಂಗಳು ಹೆದರಿದ್ದರು. ಈಗ ಪೈಜಾಮ ಮೇಲಕ್ಕೆ ಮಡಚಿ, ಬರೀ ಬನಿಯನ್ನಿನಲ್ಲಿ, ಬಚ್ಚಲ ಗೋಡೆಗೆ ಬೆನ್ನು ಹಚ್ಚಿ ಕಾಲು ನೀಡಿ ಕುಳಿತರು. ನಮ್ಮ ಬಚ್ಚಲು ಎಷ್ಟು ಸಣ್ಣದೆಂದರೆ ಅವರ ಪಾದ ಬಾಗಿಲಿಗೆ ಬಂತು. ನಾನು ಹೊಸ್ತಿಲ ಆಚೆ ಕುಳಿತೆ. ಸ್ಮಿತಾ ಕೂಸನ್ನು ಅವರ ಕಾಲ ಮೇಲೆ ಇಟ್ಟಳು. ಅವರು ಬಗ್ಗಿ ಕೂಸಿಗೆ, ಕಚೇರಿಗೆ ಹೊಸದಾಗಿ ಬಂದವರೊಡನೆ ಮಾತಾಡುವ ದನಿಯಲ್ಲಿ ಹೇಳಿದರು:

"ನಮ್ಮವ್ವಾ, ನೀನೂ ಹೊಸಬಾಕಿ, ನಾನೂ ಹೊಸಬ. ಇಬ್ರೂ ಸಂಭಾಳಿಸಿಕೊಂಡು ಹೋಗೂಣು."

ಅಂಗಾಲಿನಿಂದ ಶುರು ಮಾಡಿ ಎಂದೆ. ಮಾಡಿದರು. ಹೆಬ್ಬೆರಳಿನಿಂದ ತೀಡಿ, ಉಗುರು ತಾಗಬಾರದು ಎಂದೆ. ತಾಗಲಿಲ್ಲ. ಹೊಟ್ಟೆಯ ಮೇಲೆ ಅಂಗೈ ಸುತ್ತಿಸಿ ಎಂದು ಗಾಳಿಯಲ್ಲಿ ನನ್ನ ಕೈ ಸುತ್ತಿಸಿ ತೋರಿಸಿದೆ. ಅವರು ನನ್ನ ಕೈ ನೋಡಿ ಹಾಗೇ ಸುತ್ತಿಸಿದರು. ತಲೆಗೆ ನೀರು ಹಾಕುವ ಹೊತ್ತಿಗೆ ನನ್ನ ಅಂಗೈ ತಾನಾಗಿಯೇ ಚಪ್ಪರದಂತೆ ಬಾಗಿತ್ತು; ಅದನ್ನು ನೋಡಿ ಅವರ ಅಂಗೈಯೂ ಕೂಸಿನ ಹಣೆಯ ಮೇಲೆ ಬಾಗಿತು. ಒಂದು ತಂಬಿಗೆ, ಎರಡು ತಂಬಿಗೆ. ಕೂಸು ಅಳು ನಿಲ್ಲಿಸಿ ಬಾಯಿ ತೆರೆದು ಅವರನ್ನೇ ನೋಡಿತು. ಸ್ಮಿತಾ ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಹೋದಳು. ಲೋಬಾನದ ಹೊಗೆ ತೋರಿಸಿ ತಲೆಗೆ ಕುಂಚಿಗೆ ಕಟ್ಟುವುದರೊಳಗೆ ನಿದ್ದೆ ಹತ್ತಿತ್ತು.

ಅವರು ಮೈಯೆಲ್ಲ ಒದ್ದೆಯಾಗಿ ಹೊರಗೆ ಬಂದು ಕುಳಿತು, ನಾನು ಎಡಗೈಯಿಂದ ಸೋಸಿ ಕೊಟ್ಟ ಚಹಾ ಕುಡಿದರು. ಮುಂಬೈಗೆ ಬಂದ ಮೇಲೆ ಇಷ್ಟು ಹೆದರಿಕೆ ಎಂದೂ ಆಗಿರಲಿಲ್ಲ ಎಂದರು.

ಶೇವಂತಾಬಾಯಿ ತಿರುಗಿ ಬಂದಾಗ, ಬಾಣಂತಿಯನ್ನು ಆಕೆ ನೋಡಿಕೊಳ್ಳಲಿ, ಕೂಸನ್ನು ನಾನು ನೋಡಿಕೊಳ್ಳುತ್ತೇನೆ ಎಂದುಬಿಟ್ಟರು ನಮ್ಮವರು. ಆಕೆ ಬಾಯಿಗೆ ಸೆರಗು ಹಚ್ಚಿ ನಕ್ಕಳು, ಒಪ್ಪಿದಳು. ಆ ಮೇಲೆ ಮಳೆಗಾಲವಿಡೀ ಅವರೇ ನೀರು ಹಾಕಿದರು. ನಾನು ಹೊಸ್ತಿಲ ಆಚೆ. ದಿನ ಕಳೆದಂತೆ ನನ್ನ ಹೇಳಿಕೆ ಕಡಿಮೆಯಾಯಿತು, ಅವರ ಮಾತು ಹೆಚ್ಚಾಯಿತು. ನನ್ನ ಜೊತೆ ಇಷ್ಟು ವರ್ಷದಲ್ಲಿ ಆಡದ ಮಾತನ್ನೆಲ್ಲ ಕೂಸಿನ ಜೊತೆ ಆಡುತ್ತಿದ್ದರು. ಪಾರ್ಲೆಯ ಕಚೇರಿಯ ಮೇಲೆ ವಿಮಾನ ಎಷ್ಟು ಕೆಳಗೆ ಹಾರುತ್ತಿತ್ತು, ಮೊದಮೊದಲು ಇಳಿಯುವ ಸ್ಟೇಶನ್ ತಪ್ಪಿ ಎಲ್ಲೆಲ್ಲೋ ಹೋದದ್ದು, ಮದುವೆಯಾದ ಹೊಸದರಲ್ಲಿ ನಾನು ಚಾಳಿನ ನಲ್ಲಿಯ ಸಾಲಿನಲ್ಲಿ ನಿಂತು ಅತ್ತದ್ದು. ಅದನ್ನು ಅವರು ನೋಡಿದ್ದರೆಂದು ನನಗೆ ಆಗಲೇ ಗೊತ್ತಾದದ್ದು.

ಪಾತ್ರೆ ತೊಳೆಯುವುದು, ಹಿಟ್ಟು ನಾದುವುದು ಅವರ ಪಾಲಿಗೆ ಬಂತು. ಅವರ ಚಪಾತಿ ಯಾವತ್ತೂ ದುಂಡಗಾಗಲಿಲ್ಲ. ಬಾಣಂತಿಗೆ ಅಳವಿ ಬೀಜದ ಪಾಯಸ ಮಾಡಿ ತಳ ಹಿಡಿಸಿದರು. ನಾನು ಬಾಯಿಯಲ್ಲಿ ಹೇಳುವುದು, ಅವರು ಕೈಯಲ್ಲಿ ಮಾಡುವುದು, ಒಳಗಿನಿಂದ ಸ್ಮಿತಾ ನಗುವುದು. ಹೊರಗೆ ಮಳೆ.

ಪ್ರತಿದಿನ ನೀರು ಹಾಕಿ ಬಂದ ಮೇಲೆ ಅವರನ್ನು ಒಂದು ಮಾತು ಕೇಳುತ್ತಿದ್ದೆ. ಇವತ್ತು ಹೇಗಿತ್ತು, ಕೈಗೆ ಹೇಗೆ ಅನಿಸುತ್ತದೆ? ಮೊದಲು ಅವರಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಯೋಚಿಸಿ ಹೇಳುತ್ತಿದ್ದರು. ಕುದಿಸಿದ ಬಟಾಟೆಯ ಸಿಪ್ಪೆ ಸುಲಿದಾಗ ಇರುತ್ತದಲ್ಲ, ಹಾಗೆ ಎಂದರು ಒಂದು ದಿನ. ನೆತ್ತಿಯಲ್ಲಿ ಒಂದು ಕಡೆ ಒಳಗಿನಿಂದ ಯಾರೋ ಮೆಲ್ಲಗೆ ಬಡಿಯುತ್ತಿದ್ದಾರೆ ಎಂದರು ಇನ್ನೊಂದು ದಿನ. ತೊಡೆ ಈಗ ಕೈತುಂಬ ಬರುತ್ತದೆ ಎಂದರು ಶ್ರಾವಣದಲ್ಲಿ. ನಾನು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದೆ. ಆರೋಹಿಯ ಎಳೆತನ ನನಗೆ ಸಿಕ್ಕಿದ್ದು ಅಷ್ಟೇ, ಅವರ ಮಾತಿನಲ್ಲಿ.

ನವರಾತ್ರಿಯ ಮುಂಚೆ ಅಳಿಯ ಕಾರು ತಂದರು. ತೊಟ್ಟಿಲು ಬಿಚ್ಚಿ ಕಟ್ಟಿದರು. ಹೊರಡುವ ಮುನ್ನ ಸ್ಮಿತಾ ಅಡಿಗೆಮನೆಗೆ ಬಂದು ನನ್ನ ಬಲಗೈ ಹಿಡಿದುಕೊಂಡಳು. ಬಿಡಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ.

"ಅವತ್ತು ಕೂಸನ್ನ ಅಪ್ಪನ ಕೈಯಾಗ ಕೊಟ್ಟೆನಲ್ಲಾ ಅವ್ವಾ."

"ನಾನೇ ಹಿಂದ ಸರದೆ," ಎಂದೆ.

"ಅಲ್ಲ," ಎಂದಳು.

ಕಾರು ಹೋದ ಮೇಲೆ ಮನೆ ಮೂಕವಾಯಿತು. ಮರುದಿನ ಬೆಳಗ್ಗೆ ಅದೇ ಹೊತ್ತಿಗೆ ಅವರು ಎದ್ದು ಹಂಡೆಗೆ ನೀರು ತುಂಬಿದರು. ಆಮೇಲೆ ನೆನಪಾಗಿ, ನಮ್ಮ ಸ್ನಾನಕ್ಕೆ ಬೇಕಲ್ಲ ಎಂದರು. ಇಡೀ ದಿನ ಅವರ ಕೈ ಏನನ್ನೋ ಹುಡುಕುತ್ತಿತ್ತು. ರೇಡಿಯೋ ಒರೆಸಿದರು, ಕೊಡೆ ಬಿಚ್ಚಿ ಒಣಗಿಸಿದರು. ಸಂಜೆ ದೀಪ ಹಚ್ಚಿದ ಮೇಲೆ ನಾನು ಎಡಗೈಯಿಂದ ಬಲ ಅಂಗೈಗೆ ಪಾರ್ಲೆಯ ಡಾಕ್ಟರು ಕೊಟ್ಟ ಬಿಳಿ ಮುಲಾಮು ಹಚ್ಚುತ್ತಿದ್ದೆ. ಬರೀ ಚರ್ಮ ಮೆತ್ತಗಾಗಲು ಕೊಟ್ಟದ್ದು ಅದು. ಅವರು ಬಂದು ಹತ್ತಿರ ಕುಳಿತರು.

"ಕೊಡಿಲ್ಲಿ. ಕೈಗೆ ರೂಢಿ ಬಿದ್ದದ."

ನಿಮಗೂ ಹತ್ತಿದರೆ ಎಂದೆ. ಹತ್ತಿದರೆ ಇಬ್ಬರೂ ಕೂಡಿ ಡಾಕ್ಟರ ಕಡೆ ಹೋಗೋಣ, ರಿಕ್ಷಾ ಹೇಗೂ ಒಂದೇ ಎಂದರು. ನನ್ನ ಅಂಗೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಹೆಬ್ಬೆರಳಿನಿಂದ, ಉಗುರು ತಾಗದ ಹಾಗೆ, ಕೂಸಿಗೆ ತೀಡಿದಂತೆಯೇ ತೀಡಿದರು. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಆ ವಯಸ್ಸಿನಲ್ಲಿ ನನಗೆ ನಾಚಿಕೆಯಾಯಿತು ಎಂದರೆ ಯಾರೂ ನಂಬಲಿಕ್ಕಿಲ್ಲ.

ಆಮೇಲೆ ಅದು ದಿನದ ಕೆಲಸವಾಯಿತು. ಮಳೆ ಹಿಂದೆ ಸರಿಯಿತು. ಕೈಯದ್ದು ಏನೆಂದು ಯಾರೂ ಹೇಳಲಿಲ್ಲ. ಹೇಗೆ ಬಂತೋ ಹಾಗೆಯೇ ಅದು ಹೋಗತೊಡಗಿತು. ಆದರೆ ಅಷ್ಟರಲ್ಲಿ ಆರೋಹಿ ಕುತ್ತಿಗೆ ನಿಲ್ಲಿಸಿ, ಪವಾಯಿಯ ಮನೆಯಲ್ಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಒರಗಿ ಕುಳಿತು ನೀರು ಬಡಿಯುತ್ತಿದ್ದಳು. ಕಾಲ ಮೇಲೆ ಮಲಗಿಸಿ ನೀರು ಹಾಕುವ ಕಾಲ ಕೂಸಿಗೆ ಬಹಳ ಸಣ್ಣದು. ಅದು ಮುಗಿದಿತ್ತು. ಈಗ ಅವಳು ಶನಿವಾರ ಬಂದು ನನ್ನ ಮಡಿಲಲ್ಲಿ ಕುಳಿತು ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಹರಟುತ್ತಾಳೆ. ತಲೆ ಬಾಚಲು ಬಿಡುವುದಿಲ್ಲ. ಅವಳ ನೆತ್ತಿ ಈಗ ಗಟ್ಟಿಯಾಗಿದೆ. ಒಳಗಿನಿಂದ ಬಡಿಯುತ್ತಿದ್ದುದನ್ನು ಕೈಯಲ್ಲಿ ಬಲ್ಲವರು ಒಬ್ಬರೇ ಇದ್ದರು. ಅವರು ಹೋಗಿ ಎರಡನೆಯ ವರ್ಷ ನಡೆಯುತ್ತಿದೆ. ಚಳಿಗಾಲದ ಒಂದು ಬೆಳಗ್ಗೆ ಹಾಲು ತರಲು ಇಳಿದವರು ಗೇಟಿನ ಹತ್ತಿರ ಎದೆ ಹಿಡಿದು ಕುಳಿತರು, ಏಳಲಿಲ್ಲ. ಇನ್ನೊಮ್ಮೆ, ಕೈಗೆ ಹೇಗೆ ಅನಿಸುತ್ತಿತ್ತು ಹೇಳಿ ಎಂದು ಕೇಳಬೇಕೆನಿಸುತ್ತದೆ.

ಆರೋಹಿ ಹುಟ್ಟಿದ ವರ್ಷದ ದೀಪಾವಳಿಯ ಸಂಜೆಯೊಂದು ಹೇಳಲು ಉಳಿಯಿತು. ಎಣ್ಣೆ ಸ್ನಾನ ಮಾಡಿ, ಫಳಾರ ತಿಂದು, ನಾವಿಬ್ಬರೇ ಕುಳಿತಿದ್ದೆವು. ಕೆಳಗೆ ಹುಡುಗರು ಪಟಾಕಿ ಹೊಡೆಯುತ್ತಿದ್ದರು. ತುರಿಕೆ ನಿಂತು ವಾರವಾಗಿತ್ತು. ಸೀಳು ಕೂಡಿಕೊಂಡಿತ್ತು. ಆದರೂ ದೀಪ ಹಚ್ಚಿದ ಮೇಲೆ ಎಂದಿನಂತೆ ನಾನು ಕೈ ಚಾಚಿದೆ. ಅವರು ಅಂಗೈಯನ್ನು ಟ್ಯೂಬ್‌ಲೈಟಿನ ಕಡೆ ಹಿಡಿದು, ಕನ್ನಡಕ ಏರಿಸಿ, ಹೆಬ್ಬೆರಳಿನ ಬುಡವನ್ನು ಮೆಲ್ಲಗೆ ಒತ್ತಿ ನೋಡಿದರು.

"ಹೋಗೇದಲ್ಲ ಇದು."

"ಒಳಗ ಕಡೀತದ ಇನ್ನೂ," ಎಂದೆ.

ನನ್ನ ಮುಖ ನೋಡಿದರು. ಮುಲಾಮಿನ ಮುಚ್ಚಳ ತಿರುಗಿಸಿ ತೆಗೆದು, ಸಾಸಿವೆಯಷ್ಟು ಹಿಂಡಿ, ಬಹಳ ಹೊತ್ತು ತಿಕ್ಕಿದರು. ಆ ಮುಲಾಮಿನ ಟ್ಯೂಬು ಸಂಕ್ರಾಂತಿಯ ತನಕ ಬಂತು.